ಚೆಲ್ಲಿದ್ದನ್ನು ಎಣಿಸಿದವರು

ಆ ಮನುಷ್ಯನಿಗೆ ಏನು ಹೇಳಿದರೂ ಮೊದಲು ಬರುತ್ತಿದ್ದ ಮಾತು ಒಂದೇ: "ಎಷ್ಟರಲ್ಲಿ?"

ನಮ್ಮ ಸೀಮೆಹಸು ಕರುವನ್ನು ಒದೆಯುತ್ತದೆ ಎಂದು ನಾನು ಬೈದುಕೊಂಡರೆ, "ಹತ್ತು ಸಲ ಕರು ಬಿಟ್ಟರೆ ಎಷ್ಟು ಸಲ ಒದೀತದೆ ಅಕ್ಕ?" ಎನ್ನುವರು. ಪಿರಿಯಾಪಟ್ಟಣದ ಬಸ್ಸು ಯಾವಾಗಲೂ ಏರಿನಲ್ಲಿ ಕೆಟ್ಟು ನಿಲ್ಲುತ್ತದೆ ಎಂದು ಯಾರಾದರೂ ಅಂದರೆ, "ಕೆಡದೆ ಬಂದ ದಿನ ನೀವು ಎಣಿಸಿದ್ರಾ?" ಎಂದು ಕೇಳಿ, ಮೊದಲೇ ಬಿಸಿಲಲ್ಲಿ ಕಾದು ನಿಂತವರ ತಲೆ ಇನ್ನಷ್ಟು ಕಾಯಿಸುವರು. ನಮ್ಮ ಯಜಮಾನರು, "ಈ ಸ್ವಾಮಿ ತಾವ ಒಂದ್ ಮಾತಾಡ್ಬೇಕಾದ್ರೆ ಕೈಲಿ ಪಟ್ಟಿ ಇಡ್ಕೊಂಡು ಓಗ್ಬೇಕು ಕಣಮ್ಮಿ" ಎನ್ನುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು ಎಂದು ಅವರ ಮಗಳು ಫೋನು ಮಾಡಿದಳು. ನಾನು ಅಳಲಿಲ್ಲ. ಎಂಬತ್ತು ದಾಟಿದ ಮನುಷ್ಯ, ಮೂರು ದಿನ ಮಲಗಿ ಹೋದರು. ಅದಕ್ಕಿಂತ ಒಳ್ಳೆಯ ಸಾವು ಯಾರಿಗೆ ಬೇಕು? ಆದರೆ ಅವತ್ತು ಹಾಲು ಕರೆಯಲು ಕೂತಾಗ ಹಸು ಒದೆಯಿತು. ನಾನು ಬೈಯುವುದು ಬಿಟ್ಟು, ಈ ವಾರದಲ್ಲಿ ಇದು ಎಷ್ಟನೆಯದು ಎಂದು ಯೋಚಿಸುತ್ತಾ ಕೂತೆ. ಚಂಬು ಉರುಳಿದ್ದು ಆಮೇಲೆ ಗೊತ್ತಾಯಿತು.

ಅವರು ನಮ್ಮ ಮನೆಗೆ ಬಂದದ್ದು ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದಾಗ. ಹುಟ್ಟಿದ್ದು ಕೆ.ಆರ್. ನಗರದ ಕಡೆ, ದುಡಿದದ್ದೆಲ್ಲ ಬೊಂಬಾಯಿಯಲ್ಲಿ. ಮಗಳಿಗೆ ಹಾರನಹಳ್ಳಿ ಕಡೆ ನರ್ಸು ಕೆಲಸವಾಯಿತು ಎಂದು ನಮ್ಮ ಮುಂದಿನ ಎರಡು ಕೋಣೆಗೆ ಬಾಡಿಗೆಗೆ ಬಂದರು. ಹೆಂಡತಿ ಹೋಗಿ ಎಷ್ಟೋ ವರ್ಷವಾಗಿತ್ತು. ಸಾಮಾನು ಅಂದರೆ ಎರಡು ತಗಡಿನ ಟ್ರಂಕು, ಎರಡರ ತುಂಬಾ ಕಾಗದ. ಅನ್ನ ಬೇಯಿಸಲು ಒಂದು ಒಳ್ಳೆಯ ಪಾತ್ರೆ ಇಲ್ಲ. ಮೊದಲ ದಿನ ನಾನೇ ಪಾತ್ರೆ ಕೊಟ್ಟೆ, ಅದು ವಾಪಸ್ಸು ಬಂದದ್ದು ಮನೆ ಬಿಟ್ಟ ದಿನ.

ನಮ್ಮ ಜಗಲಿಗೆ ಮೂರೇ ಮೆಟ್ಟಿಲು. ಆ ಮೂರನ್ನು ಇಳಿಯಲೂ ಅವರು ಗೋಡೆ ಹಿಡಿಯುವರು. ಅಟ್ಟದ ಏಣಿ ಇಳಿಯುವಾಗ ಏಣಿಗೆ ಮುಖ ಮಾಡಿ, ಒಂದೊಂದು ಮೆಟ್ಟಿಲಿಗೂ ಕಾಲು ಊರಿ ನೋಡಿ ಇಳಿಯುವರು. ಹೊಗೆಸೊಪ್ಪು ಕಟ್ಟಲು ಬರುತ್ತಿದ್ದ ಸಣ್ಣಮ್ಮ ಅದನ್ನು ಕಂಡು, "ಸ್ವಾಮ್ಯಾರೆ, ಕೆಳ್ಗೆ ಸಮುದ್ರ ಇಲ್ಲ, ಸಗಣಿ ಅದೆ, ಬೀಳಿ ಬುಡಿ" ಎಂದು ಕೂಗುವಳು. ಅವರಿಗೆ ಕೋಪ ಬರುತ್ತಿರಲಿಲ್ಲ. ನಗುವೂ ಬೇಗ ಬರುತ್ತಿರಲಿಲ್ಲ. ಅರ್ಧ ಗಂಟೆ ಬಿಟ್ಟು, ಯಾರೂ ಮಾತಾಡದೆ ಇದ್ದಾಗ, ತಮ್ಮಷ್ಟಕ್ಕೆ ತಾವೇ ನಗುವರು.

ಬೊಂಬಾಯಿಯಲ್ಲಿ ಏನು ಕೆಲಸ ಎಂದು ಕೇಳಿದರೆ, "ಎಣ್ಣೆ ಚೆಲ್ಲಿದ್ದನ್ನು ಬರೆಯೋದು" ಎಂದರು. ನಮ್ಮೂರ ಗಂಡಸರಿಗೆ ಎಣ್ಣೆ ಅಂದರೆ ಒಂದೇ ಎಣ್ಣೆ, ಅಷ್ಟು ಒಳ್ಳೆಯ ಪದಾರ್ಥವನ್ನು ಚೆಲ್ಲುವ ಊರೂ ಉಂಟೇ ಎಂದು ಒಂದು ವಾರ ಆಡಿಕೊಂಡರು. ನನಗೆ ಮಾತ್ರ ಅವರು ಕೂರಿಸಿ ಹೇಳಿದರು. ನನ್ನ ತವರು ಎನ್. ಬೇಗೂರಿನ ಕಡೆ. ಅಲ್ಲಿ ಆನೆ ಕಾಯಲು ಮರದ ಮೇಲೆ ಅಟ್ಟಣೆ ಕಟ್ಟುತ್ತಾರೆ. ಅಂಥ ಅಟ್ಟಣೆಯನ್ನೇ ಕಬ್ಬಿಣದಲ್ಲಿ, ಊರಷ್ಟು ದೊಡ್ಡದಾಗಿ, ಸಮುದ್ರದ ನಡುವೆ ಕಟ್ಟುತ್ತಾರಂತೆ. ಅದರಿಂದ ಸಮುದ್ರದ ತಳಕ್ಕೆ ಬಾವಿ ಕೊರೆದು ಎಣ್ಣೆ ಎತ್ತುತ್ತಾರಂತೆ. ಎತ್ತುವಾಗ, ಪೈಪಿನಲ್ಲಿ ಕಳಿಸುವಾಗ, ಹಡಗಿಗೆ ತುಂಬುವಾಗ ಒಂದಷ್ಟು ನೀರಿಗೆ ಹೋಗುತ್ತದೆ. ಹೋದ ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಇನ್ನೊಂದು ಕಡೆ ಬಾವಿ ಕೊರೆಯುವಾಗ ಎಷ್ಟು ಕಾಲಕ್ಕೆ ಎಷ್ಟು ಸಲ ಚೆಲ್ಲೀತು ಎಂದು ಅಂದಾಜು ಕಟ್ಟಬಹುದು.

"ಚೆಲ್ಲಿದ್ರೆ ಏನೀಗ? ಅಷ್ಟ್ ನೀರಿಗೆ ಇಷ್ಟ್ ಎಣ್ಣೆ" ಎಂದೆ.

ಅವರು ಎದ್ದು ಹೋಗಿ ಪಂಪಿನ ಡೀಸೆಲ್ ಡಬ್ಬಕ್ಕೆ ಕಡ್ಡಿ ಅದ್ದಿ ತಂದು, ನಮ್ಮ ಕಲ್ಲಿನ ಬಾನಿಯ ನೀರಿಗೆ ಒಂದೇ ಒಂದು ಹನಿ ಬಿಟ್ಟರು. ಆ ಹನಿ ಕಾಮನಬಿಲ್ಲಿನ ಬಣ್ಣ ಬಿಚ್ಚಿಕೊಂಡು ಬಾನಿಯ ಈ ಅಂಚಿನಿಂದ ಆ ಅಂಚಿಗೆ ಹರಡಿತು.

"ನೋಡಿ ಅಕ್ಕ, ಒಂದು ಹನಿ."

"ನೋಡ್ದೆ. ಈಗ ದನ ಎಲ್ಲಿ ನೀರ್ ಕುಡೀಬೇಕು, ನಿಮ್ ಬೊಂಬಾಯ್ಗೆ ಓಗ್ಬೇಕಾ?"

ಪಾಪ, ಅರ್ಧ ದಿನ ಬೂದಿ ಹಾಕಿ ಬಾನಿ ಉಜ್ಜಿದರು. ಆದರೂ ಹಸು ಮೂಸಿ ಹಿಂದೆ ಸರಿಯಿತು. ಮೂರು ದಿನ ಅದು ಆ ಬಾನಿಗೆ ಬಾಯಿ ಹಾಕಲಿಲ್ಲ. ಅವರು ಅದನ್ನೂ ಬರೆದುಕೊಂಡರು: ಒಂದು ಹನಿ, ಮೂರು ದಿನ.

ನಮ್ಮದು ಹೊಗೆಸೊಪ್ಪಿನ ಊರು. ಶ್ರಾವಣ ಬಂತೆಂದರೆ ಮನೆಮನೆಯ ಮುಂದೆ ಹೆಂಗಸರು ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾರೆ. ಕಟ್ಟಿದ ಕಡ್ಡಿಗಳನ್ನು ಬ್ಯಾರನ್ನು ಎಂಬ ಎತ್ತರದ ಮುಚ್ಚಿದ ಮನೆಯೊಳಗೆ ಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಇಟ್ಟು ಬೇಯಿಸುತ್ತಾರೆ. ಒಲೆಯ ಬಿಸಿ ದಪ್ಪ ಪೈಪುಗಳಲ್ಲಿ ಒಳಗೆಲ್ಲ ಓಡಾಡುತ್ತದೆ. ಆ ಕಾಲದಲ್ಲಿ ಊರೆಲ್ಲ ಸಿಹಿ ಘಾಟು. ಸಣ್ಣಮ್ಮನ ಬೈಗುಳ, ಎಲೆ ಸರಸರ, ಮಧ್ಯೆ ಕಾಫಿ. ಈಗಲೂ ಆ ವಾಸನೆ ಮೂಗಿಗೆ ಬಿದ್ದರೆ, ಆ ಮನುಷ್ಯ ಜಗಲಿಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಬರೆಯುತ್ತಾ ಕೂತದ್ದೇ ಕಾಣುತ್ತದೆ.

ಅಂಥ ಒಂದು ಶ್ರಾವಣದಲ್ಲಿ ಅವರಿಗೆ ಕರಾವಳಿಯಿಂದ ಕಾಗದ ಬಂತು. ಮೀನು ಹಿಡಿಯುವವರ ಊರು. ಅವರ ಎದುರಿನ ಸಮುದ್ರದಲ್ಲಿ ಯಾವುದೋ ಕಂಪನಿ ಬಾವಿ ಕೊರೆಯಲು ಅರ್ಜಿ ಹಾಕಿತ್ತು. ಎಣ್ಣೆ ಚೆಲ್ಲುವುದೇನಿದ್ದರೂ ಮೊಮ್ಮಗನ ಮೊಮ್ಮಗನ ಕಾಲಕ್ಕೊಮ್ಮೆ ಎಂದು ಕಂಪನಿಯ ವರದಿ. ದೀಪಾವಳಿ ಕಳೆದ ಮೇಲೆ ಸರ್ಕಾರದವರು ಸಭೆ ಸೇರಿಸಿ ಎಲ್ಲರ ಮಾತು ಕೇಳುತ್ತಾರೆ. ಅಷ್ಟರೊಳಗೆ ಈ ಅಂದಾಜು ಸರಿಯೋ ತಪ್ಪೋ ಲೆಕ್ಕ ಹಾಕಿ ಕೊಡಿ ಎಂದು ಕೇಳಿದ್ದರು. ಇವರ ವಿಳಾಸ ಅವರಿಗೆ ಹೇಗೆ ಸಿಕ್ಕಿತೋ. ಕಾಗದ ಓದಿ ಮಡಿಸಿ, ಅಂಗಿಯ ಜೇಬಿನಲ್ಲಿಟ್ಟರು. ತಿಂಗಳಾದರೂ ಅದು ಜೇಬಿನಿಂದ ಜೇಬಿಗೆ ಹೋಗುತ್ತಿತ್ತೇ ಹೊರತು ಟ್ರಂಕು ಸೇರಲಿಲ್ಲ.

ಒಂದು ದಿನ ಎಲೆ ಕಟ್ಟುವ ಕಡೆ ಬಂದು ಕೂತು ಕೇಳಿದರು: "ಅಕ್ಕ, ನಿಮ್ಮ ಬ್ಯಾರನ್ನಿಗೆ ಬೆಂಕಿ ಬಿದ್ದಿದ್ದು ಉಂಟಾ?"

"ಬುಡ್ತು ಅನ್ನಿ! ಅನ್ನೊಂದು ವರ್ಸ ಆಯ್ತು, ಒಂದ್ ಸಲಾನೂ ಇಲ್ಲ" ಎಂದೆ.

"ವರ್ಷ ಬೇಡ. ಎಷ್ಟು ಸಲ ತುಂಬಿ ಒಲೆ ಹಚ್ಚಿದ್ರಿ, ಅದು ಹೇಳಿ. ಒಲೆ ಹಚ್ಚದ ದಿನ ಬೆಂಕಿ ಬೀಳದೆ ಇದ್ದರೆ ಅದೇನು ದೊಡ್ಡಸ್ತಿಕೆ?"

ಬಾವಿಯೂ ಹಾಗೆಯೇ ಅಂತೆ. ಎಷ್ಟು ಸಲ ಚೆಲ್ಲಿತು ಎಂದು ಮಾತ್ರ ಹೇಳಿದರೆ ಅದು ಅರ್ಧ ಮಾತು. ಎಷ್ಟು ಬಾವಿ, ಎಷ್ಟು ವರ್ಷ, ಎಷ್ಟು ಎಣ್ಣೆ ಎತ್ತಿದಾಗ ಅಷ್ಟು ಸಲ ಎಂದು ಹೇಳಿದರೆ ಪೂರ್ತಿ ಮಾತು. ಇನ್ನೊಂದು ಮಾತೂ ಹೇಳಿದರು. ಇದುವರೆಗೆ ಬೀಳಲಿಲ್ಲ ಎಂದರೆ ಬೀಳುವುದಿಲ್ಲ ಎಂದಲ್ಲ, ಇನ್ನೂ ಸಾಕಷ್ಟು ಸಲ ಒಲೆ ಹಚ್ಚಿಲ್ಲ ಎಂದೂ ಇರಬಹುದು. ಸಣ್ಣಮ್ಮ ಮೂರು ಸಲ ನೆಲಕ್ಕೆ ಉಗಿದಳು.

ಲೆಕ್ಕದ ದಾರಿ ಸರಿಯಿದೆಯೇ ನೋಡೋಣ ಎಂದೋ, ಜೇಬಿನ ಕಾಗದದಿಂದ ತಪ್ಪಿಸಿಕೊಳ್ಳಲೋ, ಅವರು ಊರಿನ ಬ್ಯಾರನ್ನುಗಳ ಬೆಂಕಿ ಎಣಿಸಲು ಹೊರಟರು. ಮನೆಮನೆಗೆ ಹೋಗಿ ಜಗಲಿಯ ಮೇಲೆ ಕೂತ ಯಜಮಾನನನ್ನು ಕೇಳಿದರು. "ನಮ್ದ್ರಲ್ಲಾ? ಒಂದೂ ಇಲ್ಲ ಸ್ವಾಮಿ." ಎಲ್ಲ ಕಡೆಯೂ ಇದೇ ಉತ್ತರ. ಸೂರೇ ಉರಿದು ಹೋಗಿದ್ದ ಒಂದು ಬ್ಯಾರನ್ನು ಮಾತ್ರ ಮುಚ್ಚಿಡಲು ಆಗದ್ದು, ಅದನ್ನು ಎಲ್ಲರೂ ಬೆರಳು ಮಾಡಿ ತೋರಿಸಿದರು. ಸಂಜೆ ಬಂದು, "ಇಷ್ಟೆಲ್ಲ ವರ್ಷಕ್ಕೆ ಒಂದೇ ಬೆಂಕಿ. ನಿಮ್ಮೂರು ಬಹಳ ಭದ್ರ ಅಕ್ಕ" ಎಂದರು.

ಸಣ್ಣಮ್ಮನಿಗೆ ನಕ್ಕು ನಕ್ಕು ಕೆಮ್ಮು ಬಂತು. "ಗಂಡಸ್ರ ಬಾಯ್ ಕೇಳಿ ಲೆಕ್ಕ ಬರೆದ್ರೆ, ಸ್ವಾಮ್ಯಾರೆ, ಈ ಊರಲ್ಲಿ ಕುಡಿಯೋರೂ ಇಲ್ಲ, ಎಂಡ್ತೀಗ್ ಒಡೆಯೋರೂ ಇಲ್ಲ."

ಇಲ್ಲಿ ನಮ್ಮೂರ ಹೆಂಗಸರ ಒಂದು ನೇಮ ಹೇಳಬೇಕು. ಬೇಯುವಾಗ ಒಮ್ಮೊಮ್ಮೆ ಎಲೆ ಕಡ್ಡಿಯಿಂದ ಜಾರಿ ಕಾದ ಪೈಪಿನ ಮೇಲೆ ಬೀಳುತ್ತದೆ, ಹತ್ತಿಕೊಳ್ಳುತ್ತದೆ, ಮೇಲಿನ ಒಂದಷ್ಟು ಕಡ್ಡಿಯೂ ಸುಟ್ಟುಹೋಗುತ್ತದೆ. ಗೋಣಿಚೀಲ ನೆನೆಸಿ ಬಡಿದು ಆರಿಸುತ್ತೇವೆ. ಆಮೇಲೆ ಒಲೆಯ ಬಾಯಿಗೆ ಒಂದು ಹಿಡಿ ಉಪ್ಪು ಹಾಕಿ, ನಮ್ಮ ಬಾಯಿ ಮುಚ್ಚಿಕೊಳ್ಳುತ್ತೇವೆ. ಗಂಡನಿಗೂ ಹೇಳುವುದಿಲ್ಲ. ಹೇಳಿದರೆ ಕರೆದಂತೆ, ಮತ್ತೆ ಬರುತ್ತದೆ ಎಂದು ನಂಬಿಕೆ. ಯಾರೂ ಒಪ್ಪಿಕೊಳ್ಳದ ಇನ್ನೊಂದು ಕಾರಣವೂ ಇದೆ. ಇಂಥವರ ಬ್ಯಾರನ್ನು ಸರಿ ಇಲ್ಲ ಎಂದು ಸುದ್ದಿಯಾದರೆ ಸೊಪ್ಪು ಕಟ್ಟುವ ಆಳು ಪಕ್ಕದ ಮನೆಗೆ ಹೋಗಿಬಿಡುತ್ತದೆ. ಸೊಪ್ಪಿನ ಕಾಲ ಮುಗಿದ ಮೇಲೆ ಹೇಳಬಹುದಲ್ಲ ಎಂದರೆ, ಅಷ್ಟು ಹೊತ್ತಿಗೆ ಯಾರಿಗೆ ನೆನಪಿರುತ್ತದೆ?

ಅವರು ಪೆದ್ದರ ಹಾಗೆ ಒಂದೇ ಒಂದು ಎಂದು ಬರೆದುಕೊಂಡು ಕೂತದ್ದು ನೋಡಲು ಆಗಲಿಲ್ಲ.

"ಬಾಯಿ ಕೇಳ್ಬ್ಯಾಡಿ, ಕಡ್ಡಿ ಕೇಳಿ" ಎಂದೆ. "ಸೊಪ್ ಕಟ್ಟೋ ಕಡ್ಡೀನ ಬೆಚ್ಚಗೆ ಎತ್ತಿಡ್ತೀವಿ. ಗೆದ್ಲು ತಿನ್ನಕಿಲ್ಲ, ಮಳೇಲಿ ಕೊಳೆಯಕಿಲ್ಲ. ಆದ್ರೂ ವರ್ಸಾ ವರ್ಸಾ ಒಸ ಕಡ್ಡಿ ತತ್ತೀವಲ್ಲ, ಅಳೇವು ಎಲ್ಲಿಗೋದೋ? ನಮ್ಮನೇದೇ ಎಣಿಸಿ ಓಗಿ. ಅವತ್ತು ಅನ್ನೊಂದು ವರ್ಸ ಒಂದೂ ಇಲ್ಲ ಅಂದ್ನಲ್ಲ, ಅದು ಸುಳ್ಳು."

ಅವರು ಪೆನ್ನಿಗೆ ಮುಚ್ಚಳ ಹಾಕಿದರು. ನನ್ನ ಮುಖವನ್ನಲ್ಲ, ಕಡ್ಡಿಯ ಕಟ್ಟನ್ನು ನೋಡುತ್ತಾ ಕೂತರು.

ಮೂರು ದಿನ ಮತ್ತೆ ಸುತ್ತಿದರು, ಈ ಸಲ ಹಿತ್ತಲ ಬಾಗಿಲಿನಿಂದ. ಸಣ್ಣಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ ಕಡ್ಡಿ ಎಣಿಸಿದರು. ಮುರಿದದ್ದಕ್ಕೆ, ಕಳೆದದ್ದಕ್ಕೆ, ಅಂಬಲಿ ಕಾಯಿಸಲು ಒಲೆಗಿಟ್ಟದ್ದಕ್ಕೆ ಒಂದಷ್ಟು ಬಿಟ್ಟರು. ಉಳಿದದ್ದನ್ನು ಒಂದು ಬೆಂಕಿಗೆ ಇಷ್ಟು ಕಡ್ಡಿ ಎಂದು ಭಾಗಿಸಿದಾಗ, ಒಂದು ಎಂದಿದ್ದ ಬೆಂಕಿ ಹತ್ತೊಂಬತ್ತಾಯಿತು.

"ಈಗ ನಂ ಲೆಕ್ಕಾನೇ ಆ ಮೀನ್ನೋರ್ಗೂ ಕಳಿಸ್ಬುಡಿ" ಎಂದೆ.

"ಆಗಲ್ಲ ಅಕ್ಕ. ಸಮುದ್ರ ಬ್ಯಾರನ್ನಲ್ಲ. ನಿಮ್ಮ ಹತ್ತೊಂಬತ್ತು ಅಲ್ಲಿಗೆ ಬರಲ್ಲ. ಹುಡುಕೋ ದಾರಿ ಮಾತ್ರ ಬರ್ತದೆ." ತೊಡೆಯ ಮೇಲಿನ ರಟ್ಟು ಕೆಳಗಿಟ್ಟು ಹೇಳಿದರು: "ಅಲ್ಲೂ ಕಡ್ಡಿ ಇದಾವೆ. ನನ್ನ ಟ್ರಂಕಲ್ಲೇ ಇದಾವೆ."

ಅವತ್ತು ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಆ ಕಬ್ಬಿಣದ ಅಟ್ಟಣೆಯ ಮೇಲೆ ಎಣ್ಣೆ ಚೆಲ್ಲಿದ ಪುಸ್ತಕ ಇವರ ಕೈಯಲ್ಲೇ ಇತ್ತು. ಸಣ್ಣದನ್ನು ಬರೆಯಬೇಕಿಲ್ಲ ಎಂದು ಮೇಲಿನವರ ಮಾತು. ಬರುಬರುತ್ತಾ ದೊಡ್ಡದೂ ಸಣ್ಣದಾಯಿತು. "ಸಮುದ್ರ ದೊಡ್ಡದು, ಬರೀಬೇಡ" ಎನ್ನುವರು. ಇವರು ಸೊನ್ನೆ ಹಾಕಿ ರುಜು ಮಾಡುವರು. ಒಂಬತ್ತು ವರ್ಷ ಹಾಗೆ ಮಾಡಿದರು. ಆದರೆ ಚೆಲ್ಲಿದಾಗ ನೀರಿನ ಮೇಲೆ ತೇಲುವ ಎಣ್ಣೆಯನ್ನು ಒಡೆಯಲು ಒಂದು ಔಷಧಿ ಸುರಿಯಬೇಕು. ಅದು ಪೀಪಾಯಿಯಲ್ಲಿ ಬರುತ್ತದೆ. ಪೀಪಾಯಿ ತೆಗೆಯಬೇಕಾದರೆ ಉಗ್ರಾಣಕ್ಕೆ ಚೀಟಿ ಬರೆಯಬೇಕು. ಏನೂ ಚೆಲ್ಲದೆ ಇದ್ದರೆ ಅಷ್ಟು ಪೀಪಾಯಿ ಖಾಲಿಯಾದದ್ದು ಹೇಗೆ? ಚೀಟಿಯ ನಕಲುಗಳು ಟ್ರಂಕಿನಲ್ಲಿದ್ದವು. ಪುಸ್ತಕಕ್ಕೂ ಚೀಟಿಗೂ ಇವರದೇ ರುಜು.

ಕಂಪನಿಯವರ ಮೊಮ್ಮಗನ ಮೊಮ್ಮಗನ ಲೆಕ್ಕ ಹುಟ್ಟಿದ್ದು ಇಂಥ ಸೊನ್ನೆಗಳಿಂದಲೇ. ಅದನ್ನು ಸುಳ್ಳು ಎನ್ನಬೇಕಾದರೆ ಮೊದಲು ತಾನು ಸುಳ್ಳು ಬರೆದೆ ಎನ್ನಬೇಕು.

ಮಗಳು ಹೌಹಾರಿದಳು. "ಮೂವತ್ತು ವರ್ಷ ದುಡಿದ ಕಡೆ ಕಳ್ಳ ಅನ್ನಿಸ್ಕೊಳ್ತೀರಾ ಅಪ್ಪ? ಬರೆಸಿದವರೆಲ್ಲ ಸುಮ್ಮನಿದಾರೆ, ನಿಮ್ಮೊಬ್ಬರಿಗೇ ಯಾಕೆ?" ಎಂದು ಅತ್ತಳು. ಅವಳದು ತಪ್ಪೆಂದು ನಾನು ಹೇಳುವುದಿಲ್ಲ. ಅವಳಿಗೆ ಇದ್ದವರು ಅವರೊಬ್ಬರೇ.

ಏನು ಮಾಡಲಿ ಎಂದು ಅವರು ನನ್ನನ್ನು ಕೇಳಿದರು. ಯಾಕೆ ಕೇಳಿದರೋ.

"ಬರೆದ್ರೆ ಏನಾಯ್ತದೆ?" ಎಂದೆ.

"ನನ್ನ ಹೆಸರು ಹೋಗ್ತದೆ."

"ಬರೀದಿದ್ರೆ?"

"ಲೆಕ್ಕ ಸುಳ್ಳಾಗ್ತದೆ. ಅವರ ಮುಂದೆ ಬಾವಿ ಬರ್ತದೆ."

"ಮೀನಿಡಿಯೋರು ನಿಮ್ ಎಸ್ರು ಕೇಳಿದ್ರಾ, ಲೆಕ್ಕ ಕೇಳಿದ್ರಾ?"

ಇದಕ್ಕಿಂತ ಮೆತ್ತಗೆ ಹೇಳಬಹುದಿತ್ತು. ನನಗೆ ಬರುವುದಿಲ್ಲ.

ದಸರಾ ಕಳೆಯುವ ತನಕ ಬರೆದರು. ಕೊನೆಗೆ ಓದಿ ಹೇಳಿದಾಗ, ಒಂದು ಸಂಖ್ಯೆ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ಕಡಿಮೆಯೆಂದರೆ ಇಷ್ಟು ಸಲ, ಹೆಚ್ಚೆಂದರೆ ಇಷ್ಟು ಸಲ, ನಡುವಿನದು ಗೊತ್ತಿಲ್ಲ ಎಂದಿತ್ತು. "ಮದ್ವೆಗೆ ಎಷ್ಟ್ ಜನ ಬತ್ತಾರೆ ಅಂದ್ರೆ ನೂರಿಂದ ಸಾವ್ರ ಅಂದಂಗಾಯ್ತು. ಅಡ್ಗೆ ಎಷ್ಟಕ್ ಮಾಡಾದು?" ಎಂದೆ.

"ಗೊತ್ತಿಲ್ಲದಷ್ಟನ್ನ ಗೊತ್ತಿಲ್ಲ ಅಂತ ಬರೆಯೋದೂ ಲೆಕ್ಕಾನೇ ಅಕ್ಕ. ಆದ್ರೆ ನೋಡಿ, ಆ ನೂರು ಇದೆಯಲ್ಲ, ಅದೇ ಕಂಪನಿ ಹೇಳಿದ್ದಕ್ಕಿಂತ ಬಹಳ ಮೇಲಿದೆ."

ಸಭೆಗೆ ಹೊರಟ ದಿನ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಟ್ಟೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮಡಿಕೇರಿ ಮೇಲೆ ಹೋಗುವ ಬಸ್ಸು. ನಮ್ಮ ಯಜಮಾನರು, "ಘಾಟೀಲಿ ವಾಂತಿ ಬತ್ತದೆ, ಎಷ್ಟರಲ್ಲಿ ಎಷ್ಟು ಅಂತ ಕೇಳ್ಬ್ಯಾಡಿ, ನಿಂಬೆಅಣ್ ಮಡಿಕ್ಕಳಿ" ಎಂದು ಎರಡು ನಿಂಬೆಹಣ್ಣು ಕೊಟ್ಟರು.

ನಾಲ್ಕನೆಯ ದಿನ ಬಂದರು. ಕೈಕಾಲು ತೊಳೆದು ಜಗಲಿಯ ಮೇಲೆ ಕೂತರು.

"ಏನಾಯ್ತು?"

"ಕಂಪನಿ ಕಡೆ ವಕೀಲ ಬೊಂಬಾಯಿಯ ನನ್ನ ಪುಸ್ತಕ ತರಿಸಿದ್ದ. ಈ ರುಜು ನಿಮ್ಮದಾ ಅಂದ. ನನ್ನದೇ ಅಂದೆ. ಒಂಬತ್ತು ವರ್ಷ ಸುಳ್ಳು ಬರೆದವರು ಇವತ್ತು ನಿಜ ಬರೆದಿದೀರಿ ಅಂತ ಹೇಗೆ ನಂಬೋದು ಅಂದ. ಜನ ನಕ್ಕರು."

"ನೀವೇನಂದ್ರಿ?"

"ಏನನ್ನಲಿ? ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನನ್ನ ನಂಬಬೇಡಿ, ಪೀಪಾಯಿ ಎಣಿಸಿ ಅಂದೆ. ಯಾರೂ ಎಣಿಸಲಿಲ್ಲ. ಕಾಗದ ಪಕ್ಕಕ್ಕಿಟ್ಟರು."

ಕಂಪನಿಗೆ ಅಪ್ಪಣೆ ಸಿಕ್ಕಿತು. ಅಲ್ಲಿಂದ ಮುಂದೆ ಅವರು ಯಾರನ್ನೂ "ಎಷ್ಟರಲ್ಲಿ?" ಎಂದು ಕೇಳಲಿಲ್ಲ. ಬಸ್ಸು ಕೆಟ್ಟರೂ ಕೇಳಲಿಲ್ಲ. ನಾನು ಕಡ್ಡಿಯ ಮಾತು ಎತ್ತದಿದ್ದರೆ ಚೆನ್ನಾಗಿತ್ತೇನೋ ಎಂದು ಅನ್ನಿಸಿತು. ಅವರಿಗೆ ಹಾಗೆ ಹೇಳಲಿಲ್ಲ. ಎರಡು ಹೊತ್ತು ಸಾರು ಕಳಿಸಿದೆ, ಅಷ್ಟೇ.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಮೀನಿನ ಊರಿನವನೊಬ್ಬ ನಮ್ಮ ಬಾಗಿಲಿಗೆ ಬಂದ. ಕಪ್ಪಗೆ, ಗಟ್ಟಿಯಾಗಿದ್ದ, ನಲವತ್ತರ ಆಳು. ಒಂದು ಕೈಯಲ್ಲಿ ಒಣಮೀನಿನ ಪೊಟ್ಟಣ, ಇನ್ನೊಂದರಲ್ಲಿ ಉದ್ದನೆಯ ಹೊಸ ನೋಟ್‌ಬುಕ್ಕು. ಕಾಗದ ಬರೆದಿದ್ದವನು ಇವನೇ. ಬೈಯಲು ಬಂದಿರಬೇಕು ಎಂದು ನಾನು ಬಾಗಿಲಲ್ಲೇ ನಿಂತೆ.

"ಸಭೆಯಲ್ಲಿ ಎಲ್ಲರೂ ನಗಾಡಿದ್ರು ಸಾರ್. ನಮಗೆ ನಗೆ ಬರ್ಲಿಲ್ಲ" ಎಂದ. "ಬಾವಿ ಹೇಗೂ ಬರ್ತದೆ. ಬೇರೆಯವರು ಬರೆದ ಪುಸ್ತಕ ನಂಬಿ ಎಂತ ಮಾಡುದು? ನಾವೇ ಬರೆಯುದು ಅಂತ ತೀರ್ಮಾನ ಮಾಡಿದೆವು. ಹೇಗೆ ಬರೆಯುದು ಅಂತ ಗೊತ್ತಿಲ್ಲ. ಗೆರೆ ಹಾಕಿ ಕೊಡಿ."

ಇವರು ಒಳಗೆ ಹೋಗಿ ಸ್ಕೇಲು ತಂದರು. ಜಗಲಿಯ ಮೇಲೆ ಕೂತು ಗೆರೆ ಎಳೆದರು. ತಾರೀಕು. ಯಾವ ದೋಣಿ. ಎಷ್ಟು ದೂರ ಹೋಗಿದ್ದು. ಎಣ್ಣೆ ಕಂಡದ್ದೆಷ್ಟು, ಬಲೆಗೆ ಅಂಟಿದ್ದೆಷ್ಟು. ನೋಡಿದವರು ಯಾರು.

"ಎಂತದೂ ಕಾಣದ ದಿನ?" ಎಂದ ಅವನು.

"ಸೊನ್ನೆ ಹಾಕಿ."

ಸಣ್ಣಮ್ಮ ಒಣಮೀನಿನ ಪೊಟ್ಟಣ ಬಿಚ್ಚುತ್ತಾ, "ಸೊನ್ನೆ ಬರೆಯಕ್ಕೆ ಇಷ್ಟ್ ದಪ್ಪದ ಪುಸ್ತಕ್ವಾ? ನಂ ಮನೆ ಡಬ್ಬಿ ತಗ್ದು ನೋಡಿ, ಬರೀ ಸೊನ್ನೆ" ಎಂದಳು.

"ಸೊನ್ನೆಗಳೇ ಮುಖ್ಯ ಸಣ್ಣಮ್ಮ. ಎಣ್ಣೆ ಕಂಡ ದಿನ ಮಾತ್ರ ಬರೆದರೆ, ಎಷ್ಟರಲ್ಲಿ ಅಂತ ಹೇಗೆ ಹೇಳೋದು?"

ಅಷ್ಟು ದಿನದ ಮೇಲೆ ಅವರ ಬಾಯಿಂದ ಆ ಮಾತು ಮತ್ತೆ ಬಂದದ್ದು ಕೇಳಿ ನನಗೆ ಸಮಾಧಾನವಾಯಿತು. ಒಳಗೆ ಹೋಗಿ ಕಾಫಿಗೆ ಇಟ್ಟೆ.

ಕಾಫಿ ತರುವಷ್ಟರಲ್ಲಿ ಆ ಮೀನಿನ ಊರಿನವನು ಉತ್ಸಾಹದಲ್ಲಿ ಪೆನ್ನು ತೆಗೆದುಕೊಂಡು ಮೊದಲ ಸಾಲಿನಲ್ಲಿ ಅವತ್ತಿನ ತಾರೀಕು ಬರೆದು, ಎಣ್ಣೆಯ ಚೌಕದಲ್ಲಿ ಒಂದು ದೊಡ್ಡ ಸೊನ್ನೆ ಸುತ್ತಿದ್ದ. ಇವರು ಅವನ ಮಣಿಕಟ್ಟು ಹಿಡಿದುಕೊಂಡಿದ್ದರು.

"ಇವತ್ತು ನಿಮ್ಮ ದೋಣಿ ನೀರಿಗೆ ಇಳಿದಿದೆಯಾ?"

"ನಾನು ಇಲ್ಲಿ ಇದ್ದೇನಲ್ಲ ಸಾರ್. ಹೇಗೆ ಇಳಿಯುದು?"

"ಹಾಗಾದ್ರೆ ಇದು ಸೊನ್ನೆ ಅಲ್ಲ, ಖಾಲಿ. ನಾನು ನೋಡಿಯೂ ಸೊನ್ನೆ ಹಾಕಿದವನು. ನೀವು ನೋಡದೆ ಹಾಕಬೇಡಿ."

ಅವನು ಗಾಬರಿಯಾಗಿ ಆ ಹಾಳೆ ಹರಿಯಲು ಹೋದ. ಅದಕ್ಕೂ ಬಿಡಲಿಲ್ಲ. ತಾವೇ ಪೆನ್ನು ಇಸಿದುಕೊಂಡು, ಕೆಳಗಿನದು ಓದಲು ಬರುವ ಹಾಗೆ ಸೊನ್ನೆಯ ಮೇಲೆ ಒಂದೇ ಒಂದು ಗೆರೆ ಎಳೆದರು. ಪಕ್ಕದಲ್ಲಿ ತಮ್ಮ ರುಜು ಹಾಕಿದರು.